ದೊಡ್ಡಪ್ಪ ಕಳಿಸಿದ ಫಾರ್ವರ್ಡು

ದೊಡ್ಡಪ್ಪ: *ಕಾನ್ಪುರ ಐಐಟಿಯ ಹೊಸ ಬಟ್ಟೆ ಹೊದಿಸಿದರೆ ಸಾಕು, ನಮ್ಮ ವಿಮಾನ ಯಾವ ರಾಡಾರ್‌ಗೂ ಕಾಣುವುದಿಲ್ಲ! ಹೆಮ್ಮೆಯಿದ್ದರೆ ಶೇರ್ ಮಾಡಿ!*

ಅತ್ತೆ: ಭೇಷ್!

ಪುಟ್ಟಿ: ಬಟ್ಟೆ ನಿಜ ದೊಡ್ಡಪ್ಪ. 2024ರಲ್ಲಿ ಬಂತು, ಅನಾಲಕ್ಷ್ಯ ಅಂತ ಹೆಸರು. ರಾಡಾರ್ ಅಲೆಯನ್ನು ಹೀರಿಕೊಳ್ಳುತ್ತದೆ. ಆದರೆ "ಯಾವ ರಾಡಾರ್‌ಗೂ" ಅನ್ನುವುದು ಸುಳ್ಳು.

ಭಾವ: ಶುರುವಾಯಿತು ನೋಡಿ. ಒಳ್ಳೆಯ ಸುದ್ದಿ ಬಂದರೆ ನಿನಗೆ ತಡೆಯಲ್ಲ ಅಲ್ವಾ?

ಪುಟ್ಟಿ: ಹೀರದೆ ದಾರಿ ತಪ್ಪಿಸುವ ಮೇಲ್ಮೈಗಳೂ ಇವೆ. ಚದುರಂಗದ ಹಾಸಿನ ಹಾಗೆ ಎರಡು ಥರದ ಬಿಲ್ಲೆಗಳನ್ನು ಜೋಡಿಸುತ್ತಾರೆ. ಒಂದು ಬಿಲ್ಲೆಯಿಂದ ವಾಪಸಾದ ಅಲೆ ಏರುವಾಗ ಪಕ್ಕದ್ದರ ಅಲೆ ಇಳಿಯುತ್ತಿರುತ್ತದೆ. ನೇರ ಎದುರಿಗೆ ಎರಡೂ ಸೇರಿ ಅಳಿಸಿಹೋಗುತ್ತವೆ. ಶಕ್ತಿ ಮಾತ್ರ ಎಲ್ಲೂ ಮಾಯವಾಗುವುದಿಲ್ಲ, ನಾಲ್ಕು ಮೂಲೆಗಳ ಕಡೆ ಓರೆಯಾಗಿ ಚದುರುತ್ತದೆ. ಅಲ್ಲೊಬ್ಬ ಇನ್ನೊಂದು ಆಂಟೆನಾ ಇಟ್ಟುಕೊಂಡು ಕೂತಿದ್ದರೆ?

ದೊಡ್ಡಪ್ಪ: ಸುಮ್ನೆ ಹೆದರಿಸಬೇಡ.

ಪುಟ್ಟಿ: ಇನ್ನೊಂದಿದೆ. 10 ಗಿಗಾಹರ್ಟ್ಸ್ ಅಲೆಯ ಉದ್ದ 3 ಸೆಂ.ಮೀ., ಅದಕ್ಕೆಂದು ಮಾಡಿದ ಬಿಲ್ಲೆ ಮಿಲಿಮೀಟರ್‌ಗಳಲ್ಲಿರುತ್ತದೆ. ಹಳೇ ವಿಎಚ್‌ಎಫ್ (ಕಡಿಮೆ ಆವರ್ತನದ) ರಾಡಾರ್‌ನ ಅಲೆ 2 ಮೀಟರ್. ಅದಕ್ಕೆ ಈ ಬಿಲ್ಲೆ ಲೆಕ್ಕಕ್ಕೇ ಇಲ್ಲ. 1999ರಲ್ಲಿ ಸರ್ಬಿಯಾದವರು ರಾಡಾರ್‌ಗೆ ಕಾಣಬಾರದೆಂದೇ ಮಾಡಿದ ಅಮೆರಿಕದ ಎಫ್-117 ವಿಮಾನವನ್ನು ಹೊಡೆದುರುಳಿಸಿದ್ದು 1960ರ ದಶಕದ ಸೋವಿಯತ್ ಕ್ಷಿಪಣಿ ವ್ಯವಸ್ಥೆಯಿಂದ.

ಭಾವ: ಹಾಗಾದರೆ ದುಡ್ಡು ದಂಡ ಅನ್ನು.

ಪುಟ್ಟಿ: ಅಯ್ಯೋ, ಹಾಗೆಲ್ಲಿ ಹೇಳಿದೆ? ವಾಪಸ್ ಹೋಗುವ ಪ್ರತಿಫಲನ 16 ಪಟ್ಟು ಕಡಿಮೆಯಾದರೆ ರಾಡಾರ್ ಕಾಣುವ ದೂರ ಅರ್ಧವಾಗುತ್ತದೆ. 200 ಕಿ.ಮೀ.ಗೆ ಸಿಗಬೇಕಿದ್ದದ್ದು 100ಕ್ಕೆ ಸಿಗುತ್ತದೆ. ಗಂಟೆಗೆ 900 ಕಿ.ಮೀ. ಹೋಗುವ ಜೆಟ್‌ಗೆ ಆ 100 ಕಿ.ಮೀ. ಏಳು ನಿಮಿಷವೂ ಅಲ್ಲ. ಎದುರಿನವನಿಗೆ ಅಷ್ಟು ಹೊತ್ತು ಕಡಿಮೆ. ಇದೇ ದೊಡ್ಡ ಸಾಧನೆ, ಇದನ್ನೇ ಬರೆದರೆ ಆಗದಾ?

ಅತ್ತೆ: ಯಲಹಂಕದಲ್ಲಿ 2025ರ ಏರ್ ಶೋಗೆ ಒಂದು ಹೊಸ ವಿಮಾನದ ಮಾದರಿ ಇಟ್ಟಿದ್ದರಲ್ಲ, ಅದಕ್ಕೂ ಇದೇ ಬಟ್ಟೆನಾ?

ಪುಟ್ಟಿ: ಅದು ಎಎಂಸಿಎ ಅನ್ನುವ ಯುದ್ಧವಿಮಾನ ಅತ್ತೆ, ನಮ್ಮ ಬೆಂಗಳೂರಿನ ವಿಮಾನ ವಿನ್ಯಾಸ ಸಂಸ್ಥೆ ಎಡಿಎ ರೂಪಿಸಿದ್ದು. ಅಲ್ಲಿ ಮೊದಲ ಕೆಲಸ ಆಕಾರದ್ದು. ಎಂಜಿನ್‌ಗೆ ಗಾಳಿ ಹೋಗುವ ಕೊಳವೆಯನ್ನೇ ಬಳುಕಿಸಿದ್ದಾರೆ, ಒಳಗೆ ತಿರುಗುವ ಬ್ಲೇಡುಗಳು ರಾಡಾರ್‌ಗೆ ನೇರ ಕಾಣಬಾರದು ಅಂತ. ಬಾಂಬು, ಕ್ಷಿಪಣಿ ಎಲ್ಲ ಹೊಟ್ಟೆಯೊಳಗೆ. ಮೇಲ್ಮೈಗೆ ಏನು ಬಳಿಯಬೇಕು ಅನ್ನುವುದು ಆಮೇಲೆ.

ಭಾವ: ಇದು ಸರಿ. ಇದನ್ನು ಮೊದಲೇ ಹೇಳಬಾರದಿತ್ತಾ?

ಪುಟ್ಟಿ: ದೊಡ್ಡಪ್ಪ, ಆ ಫಾರ್ವರ್ಡ್ ಡಿಲೀಟ್ ಮಾಡಿ.

ದೊಡ್ಡಪ್ಪ: ವಾಕಿಂಗ್ ಗುಂಪಿಗೂ ಹಾಕಿಬಿಟ್ಟೆನಲ್ಲ. ಅಲ್ಲಿ ಎಲ್ಲರೂ ಕೈ ಮುಗಿದಿದ್ದಾರೆ. ಈಗ ತೆಗೆದರೆ ಚೆನ್ನಾಗಿರಲ್ಲ.