ಕಿಗ್ಗದಲ್ಲಿ ಬೈಕ್, ಲಗೇಜ್ ಎಲ್ಲಿ ಬಿಡೋದು? ಸಹಾಯ ಬೇಕು

ನಾವಿಬ್ಬರು ಬೈಕಿನಲ್ಲಿ ಹೋಗಿ ಶೃಂಗೇರಿ ಹತ್ತಿರದ ಕಿಗ್ಗದಿಂದ ನರಸಿಂಹ ಪರ್ವತ ಹತ್ತಬೇಕು ಅಂತಿದ್ದೇವೆ. ಬೈಕ್ ಇಡೀ ದಿನ ಕೆಳಗೇ ನಿಂತಿರುತ್ತದೆ. ಹೋದ ವರ್ಷ ಬೇರೆ ಬೆಟ್ಟದ ಬುಡದಲ್ಲಿ ಬೈಕಿಗೆ ಏನೂ ಆಗಿರಲಿಲ್ಲ, ಆದರೆ ಸ್ಯಾಡಲ್ ಬ್ಯಾಗ್ ಕುಯ್ದು ರೇನ್‌ಕೋಟ್, ಟೂಲ್ ಕಿಟ್ ಹೊತ್ತೊಯ್ದಿದ್ದರು. ಪೆಟ್ರೋಲನ್ನೂ ಬಿಟ್ಟಿರಲಿಲ್ಲ ಪುಣ್ಯಾತ್ಮರು!

ಆಮೇಲೆ ಅಲಾರಂ ಇರುವ ಡಿಸ್ಕ್ ಲಾಕ್ (ಚಕ್ರದ ಬ್ರೇಕ್ ಡಿಸ್ಕಿಗೆ ಹಾಕುವ ಬೀಗ) ತಗೊಂಡೆ. ಕಾಡಂಚಿನಲ್ಲಿ ಅದು ಕೂಗಿದರೆ ಕೇಳುವವರು ಯಾರು? ಜಿಪಿಎಸ್ ಟ್ರ್ಯಾಕರ್ ಸಿಮ್ ಮೇಲೆ ನಡೆಯುತ್ತದೆ, ನೆಟ್‌ವರ್ಕ್ ಇಲ್ಲದ ಕಡೆ ಸುಮ್ನೆ ಭಾರ. ಹೆಲ್ಮೆಟ್ಟಿಗೆ ಕಬ್ಬಿಣದ ತಂತಿ ಹಾಕಿ ಬೀಗ ಹಾಕಬಹುದು, ಆದರೆ ಬಟ್ಟೆಯ ಬ್ಯಾಗಿಗೆ ಬೀಗ ಹಾಕಿ ಏನು ಪ್ರಯೋಜನ, ಅಲ್ವಾ?

ಬೈಕು, ಬ್ಯಾಗು ಎರಡನ್ನೂ ಶೃಂಗೇರಿಯ ಲಾಡ್ಜಿನಲ್ಲೇ ಬಿಟ್ಟು ಬಸ್ಸಿನಲ್ಲಿ ಹೋಗೋದು ವಾಸಿಯೇ? ಅಥವಾ ಕಿಗ್ಗದಲ್ಲಿ ಯಾರಾದರೂ ದುಡ್ಡು ತಗೊಂಡು ಅಂಗಳದಲ್ಲಿ ನಿಲ್ಲಿಸೋಕೆ ಬಿಡುತ್ತಾರಾ? ಹೋಗಿಬಂದವರು ದಯವಿಟ್ಟು ತಿಳಿಸಿ.