ಪದಚರ್ಚೆ: ಬೆರಳಿನ ಕ್ಲಿಪ್ಪು ತೋರಿಸುವ ಉಸಿರಿನ ಲೆಕ್ಕಕ್ಕೆ ಏನೆನ್ನೋಣ?

ತೀರ್ಥಹಳ್ಳಿಯಿಂದ:
ಮಾನ್ಯರೇ, ಆರೋಗ್ಯ ಶಿಬಿರಕ್ಕೆ ಫಲಕ ಬರೆಸಬೇಕು, ನಾಳೆ ಮಧ್ಯಾಹ್ನದೊಳಗೆ ಒಕ್ಕಣೆ ಕೊಡಬೇಕು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೋವಿಡ್ ಕಾಲದಿಂದ ಎಲ್ಲರಿಗೂ ಗೊತ್ತು. ಈಗ ತರಿಸಿರುವುದು ಆಮ್ಲಜನಕ, ನಾಡಿಬಡಿತಗಳ ಜೊತೆಗೆ ನಿಮಿಷಕ್ಕೆ ಎಷ್ಟು ಉಸಿರು ಎಂಬುದನ್ನೂ ತೋರಿಸುತ್ತದೆ. ಜೊತೆಗೆ ಬಂದ ಕೈಪಿಡಿಯಲ್ಲಿ ‘ದ್ಯುತಿ ನಾಡೀ ಸಂವೇದಕಾಧಾರಿತ ಶ್ವಸನ ಮೇಲ್ವಿಚಾರಣೆ’ ಎಂದಿದೆ. ಇದನ್ನು ಬರೆಸಿದರೆ ಅಡಿಕೆ ಕೊಯ್ಲು ಬಿಟ್ಟು ಬಂದವರು ಬಾಗಿಲಿನಿಂದಲೇ ಹಿಂದಿರುಗುತ್ತಾರೆ. ದಯವಿಟ್ಟು ಬೇಗ ತಿಳಿಸಿ.

ಸಾಗರದಿಂದ:
ಸಾಧನಕ್ಕೆ ‘ಉಸಿರಳಕ’, ಸೆನ್ಸರಿಗೆ ‘ಅರಿಕ’. ಒಟ್ಟಿಗೆ ಬೇಕಾದರೆ ‘ಬೆಳಕಿನ ಮಿಡಿತದರಿಕ’. ‘ನಾಡಿ’ ಬಿಡಿ, ಅದು ಸಂಸ್ಕೃತ. ಟೊಳ್ಳು ದಂಟು, ಕೊಳವೆ ಎಂಬುದು ಅದರ ಹಳೆಯ ಅರ್ಥ. ‘ಉಸಿರು’ ನಮ್ಮದೇ, ತಮಿಳಿನ ‘ಉಯಿರ್’ ಅದರ ಒಡಹುಟ್ಟು.

ಶಿವಮೊಗ್ಗದಿಂದ:
‘ಬೆಳಕಿನ ಮಿಡಿತ’ ಎಂದರೆ ಮಿಡಿಯುವುದು ಬೆಳಕು ಎಂದಾಯಿತು. ಇನ್ನು ಸಾಗರದ ಕಡೆ ‘ಮಿಡಿ’ ಎಂದರೆ ಜನ ಉಪ್ಪಿನಕಾಯಿ ಭರಣಿಯತ್ತ ನೋಡುತ್ತಾರೆ. ‘ಉಸಿರಳಕ’ವೂ ಸಲ್ಲದು, ಏಕೆಂದರೆ ಆ ಕ್ಲಿಪ್ಪು ಉಸಿರಿನ ತಂಟೆಗೇ ಹೋಗುವುದಿಲ್ಲ. ಬೆರಳಿನೊಳಗೆ ಕೆಂಪು, ಅವಕೆಂಪು ಬೆಳಕು ಹಾಯಿಸಿ, ಎಷ್ಟು ದಾಟಿ ಬಂತು ಎಂದು ನೋಡುತ್ತದೆ. ಬಡಿತಕ್ಕೊಮ್ಮೆ ಬೆರಳಿನಲ್ಲಿ ರಕ್ತ ಹೆಚ್ಚಿದಾಗ ಬೆಳಕು ತಗ್ಗುತ್ತದೆ. ಅದೇ ನಾಡಿಯ ಅಲೆ. ಉಸಿರೆಳೆದಾಗ ಎದೆಯೊಳಗಿನ ಒತ್ತಡ ಬದಲಾಗಿ, ಹೃದಯಕ್ಕೆ ಮರಳುವ ರಕ್ತವೂ ಬದಲಾಗುತ್ತದೆ. ಆಗ ಅಲೆಯ ಎತ್ತರ ಹೆಚ್ಚುಕಡಿಮೆಯಾಗುತ್ತದೆ, ಅಲೆ ನಿಂತ ಗೆರೆಯೇ ಮೆಲ್ಲಗೆ ಏರಿಳಿಯುತ್ತದೆ. ಒಳಗೆಳೆಯುವಾಗ ಹೃದಯ ತುಸು ಚುರುಕು, ಬಿಡುವಾಗ ನಿಧಾನ. ಹೀಗಾಗಿ ಅಲೆಗಳ ನಡುವಿನ ಅಂತರವೂ ಬದಲಾಗುತ್ತದೆ. ಈ ಮೂರು ಸುಳಿವು ಹಿಡಿದು ಉಸಿರನ್ನು ಎಣಿಸುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕರಿಗೆ ನಿಮಿಷಕ್ಕೆ 12ರಿಂದ 20. ಅದು ಅಳತೆಯಲ್ಲ, ಎಣಿಕೆ. ‘ಉಸಿರೆಣಿಕೆ’ ಎನ್ನಿ. ನಾಡಿಯನ್ನು ಮುಟ್ಟಬೇಡಿ, ಅದನ್ನು ‘ಹಿಡಿದು ನೋಡಿ’ದವರು ನಮ್ಮ ಹಳ್ಳಿಯ ಪಂಡಿತರೇ. ಅಂದ ಹಾಗೆ, ‘ಅರಿಕ’ದ ಕೊನೆಯ ‘ಕ’ ಎಲ್ಲಿಯದು? ಲೇಖಕ, ವಾಚಕಗಳಿಂದ ಕಡ ತಂದದ್ದಲ್ಲವೇ?

ಸಾಗರದಿಂದ:
ಕುಡುಕ, ತಿರುಕ ಯಾವ ಸಂಸ್ಕೃತ? ಓದಿಕೊಂಡು ಬರೆಯಿರಿ. ಪಂಡಿತರು ಹಿಡಿದು ನೋಡಿದ್ದೆಲ್ಲ ಕನ್ನಡವಾಗುವುದಿಲ್ಲ.

ಕೊಪ್ಪದಿಂದ:
ಸೆನ್ಸರ್ ಎಂದರೆ ನಿಮ್ಮ ಗಂಟೇನು ಹೋಗುತ್ತದೆ? ಪಂಪ್‌ಸೆಟ್ಟಿಗೆ, ಕರೆಂಟಿಗೆ ಪದ ಹುಡುಕುತ್ತಾ ಕುಳಿತಿದ್ದರೆ ತೋಟ ಒಣಗುತ್ತಿತ್ತು. ನಮ್ಮ ಅಡಿಕೆಗೆ ನಂಟಾದ ಮಲಯಾಳದ ‘ಅಡಕ್ಕ’ವನ್ನು ಪೋರ್ಚುಗೀಸರು ಒಯ್ದು ‘ಅರೆಕಾ’ ಮಾಡಿಕೊಂಡರು. ಯುರೋಪಿನ ಯಾವ ಪಂಡಿತರೂ ಅದನ್ನು ಮಡಿಯಿಂದ ಹೊರಗಿಡಲಿಲ್ಲ.

ಸಾಗರದಿಂದ:
ಅವರಲ್ಲಿ ಅಡಿಕೆ ಬೆಳೆಯುತ್ತಿರಲಿಲ್ಲ, ತೆಗೆದುಕೊಂಡರು. ನಮ್ಮಲ್ಲಿ ‘ಅರಿ’ ಇದೆ, ‘ಎಣಿಸು’ ಇದೆ. ಕಣಜ ತುಂಬಿರುವಾಗ ಕಡಕ್ಕೆ ಹೋಗುವುದು ಸೋಮಾರಿತನ.

ತೀರ್ಥಹಳ್ಳಿಯಿಂದ:
ಎಲ್ಲರಿಗೂ ವಂದನೆ. ‘ಇಲ್ಲಿ ನಾಡಿ, ಉಸಿರೆಣಿಕೆ ನೋಡುತ್ತೇವೆ’ ಎಂದು ಕೊಟ್ಟಿದ್ದೇನೆ; ಸೆನ್ಸರಿನ ಹೆಸರನ್ನೇ ಕೈಬಿಟ್ಟೆ. ಕೆಳಗೆ ಸಣ್ಣ ಅಕ್ಷರದಲ್ಲಿ: ‘ಉಗುರುಬಣ್ಣ ತೆಗೆದು ಬನ್ನಿ. ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ. ಎಣಿಕೆ ಮುಗಿಯುವವರೆಗೆ ಬೆರಳು ಅಲುಗಿಸಬೇಡಿ, ಮಾತನಾಡಬೇಡಿ.’

ಸಾಗರದಿಂದ:
ನಾಡಿ ಉಳಿಸಿಕೊಂಡಿರಿ. ನಿಮ್ಮಿಷ್ಟ.