ಪುಟ್ಟಿಯ ಬನ್ಸ್ ಬಗ್ಗೆ ನಿನ್ನೆ ಆದ ಮಾತಿಗೆ

ಎಲ್ಲರಿಗೂ ನಮಸ್ಕಾರ. ಇದು ಸ್ವಲ್ಪ ಉದ್ದ ಆಗುತ್ತದೆ. ಕೆಲಸ ಮುಗಿಸಿ, ಒಂದು ಲೋಟ ಚಹಾ ಇಟ್ಟುಕೊಂಡು ನಿಧಾನಕ್ಕೆ ಕೇಳಿ. ನಿನ್ನೆ ರಾತ್ರಿ ಗ್ರೂಪಿನಲ್ಲಿ ಆದದ್ದು ನನ್ನ ಮನಸ್ಸಿನಿಂದ ಹೋಗಲೇ ಇಲ್ಲ.

ನೋಡದವರಿಗೆ ಒಮ್ಮೆ ಹೇಳಿಬಿಡುತ್ತೇನೆ. ನಮ್ಮ ತಂಗಿಯ ಮಗಳು ಪುಟ್ಟಿ ಉಡುಪಿಯ ಕುಂಜಿಬೆಟ್ಟಿನ ಮನೆಯಲ್ಲೇ ಬಾಳೆಹಣ್ಣು ಕಲಸಿ ಕರಿಯುವ ಬನ್ಸ್, ಗೋಳಿಬಜೆ ಮಾಡಿ ಮಣಿಪಾಲದ ಆಫೀಸುಗಳಿಗೆ ಕೊಡಲು ಶುರು ಮಾಡಿ ಮೂರು ತಿಂಗಳಾಯಿತು. ನಿನ್ನೆ ಬನ್ಸ್ ಫೋಟೋ ಹಾಕಿ ಕೇಳಿದಳು: "ತಿಂದವರೆಲ್ಲ ಚೆನ್ನಾಗಿದೆ ಅಂತಾರೆ. ಆದ್ರೆ ಎರಡನೇ ಸಲ ಆರ್ಡರ್ ಬರುವುದು ಕಡಿಮೆ. ಎಂತ ಸರಿ ಇಲ್ಲ ಅಂತ ನಿಜ ಹೇಳಿ." ಹದಿನಾಲ್ಕು ಜನ ಸೂಪರ್ ಅಂದರು. ಮಂಗಳೂರಿನಿಂದ ಭಾವ ಬರೆದರು: "ತುಂಬಾ ಚೆನ್ನಾಗಿದೆ ಮಗಳೇ, ಆದರೆ ಎಣ್ಣೆ ಜಾಸ್ತಿ. ಒಟ್ಟಾರೆ ಒಳ್ಳೆ ಪ್ರಯತ್ನ." ಅದಕ್ಕೆ ಪುಟ್ಟಿ ಒಂದು ಕೈಮುಗಿಯುವ ಚಿತ್ರ ಹಾಕಿದಳು. ಹತ್ತು ನಿಮಿಷ ಬಿಟ್ಟು ಫೋಟೋ ಡಿಲೀಟ್ ಆಗಿತ್ತು. ಆಮೇಲೆ ತಂಗಿ ಬೇಸರದಲ್ಲಿ ಒಂದು ಮಾತು ಬರೆದಳು. ಭಾವನಿಗೂ ಬೇಸರ ಆಯಿತು. ಅವರು ಹೇಳಿದ್ದು ಕೇಳಿದ್ದಕ್ಕೆ ತಾನೇ? ಸುಳ್ಳೂ ಹೇಳಿರಲಿಲ್ಲ.

ಭಾವ, ಮೊದಲು ನಿಮಗೆ. ನೀವು ಹೇಳಿದ ಎಣ್ಣೆ ನಿಜ. ನಾನೂ ತಿಂದಿದ್ದೇನೆ, ನನಗೂ ಸಿಕ್ಕಿದೆ. ಹದಿನಾಲ್ಕು ಸೂಪರ್‌ಗಳಲ್ಲಿ ಸಿಗದೇ ಇದ್ದದ್ದು ನಿಮ್ಮ ಎರಡು ಶಬ್ದದಲ್ಲಿ ಉಂಟು. ನನ್ನನ್ನು ಕಾಡಿದ್ದು ಅದರ ಹಿಂದೆ ಮುಂದೆ ಇದ್ದ ಮಾತು. "ತುಂಬಾ ಚೆನ್ನಾಗಿದೆ" ಅಂದಿರಿ. ಯಾವುದು ಚೆನ್ನಾಗಿತ್ತು? ಅದನ್ನು ಹೇಳಲಿಲ್ಲ. ಎಣ್ಣೆ ಜಾಸ್ತಿ ಅಂದದ್ದು ಕಣ್ಣಿಗೆ ಕಾಣುವ ಮಾತು, ಬೆರಳಿಗೆ ಅಂಟುವ ಮಾತು. ಚೆನ್ನಾಗಿದೆ ಅಂದದ್ದು ಯಾವ ತಿಂಡಿಗೂ ಹೇಳಬಹುದಾದ ಮಾತು. ಹಾಗಾಗಿ ಅವಳು ಎಣ್ಣೆಯನ್ನು ಮಾತ್ರ ನಂಬಿದಳು. ಉಳಿದದ್ದು ದಾಕ್ಷಿಣ್ಯಕ್ಕೆ ಹೇಳಿದ್ದು ಅಂತ ಅವಳಿಗೆ ಅನಿಸಿತು. ಯಾರಿಗಾದರೂ ಹಾಗೇ ಅನಿಸುತ್ತದೆ ಅಲ್ವಾ?

ನನಗೂ ಹಾಗೆ ಆಗಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೇಲಿನವರೊಬ್ಬರು ನನ್ನ ಪಾಠ ನೋಡಲು ಬಂದಿದ್ದರು. ಐದು ನಿಮಿಷ ಹಿಂದೆ ನಿಂತರು. ಹೋಗುವಾಗ "ಪಾಠ ಬಹಳ ಚೆನ್ನಾಗಿತ್ತು ಟೀಚರ್, ಆದರೆ ಹಿಂದಿನ ಬೆಂಚಿನ ಮಕ್ಕಳನ್ನು ನೀವು ನೋಡುವುದೇ ಇಲ್ಲ" ಅಂದರು. ಅದು ನಿಜವೇ. ಮಾರನೇ ದಿನದಿಂದಲೇ ನಾನು ಹಿಂದಿನ ಬೆಂಚಿನ ಹತ್ತಿರ ಹೋಗಿ ನಿಲ್ಲಲು ಶುರು ಮಾಡಿದೆ. ಆದರೆ ಮೊದಲ ಅರ್ಧ ನನ್ನ ಕಿವಿಯಲ್ಲಿ ಉಳಿಯಲೇ ಇಲ್ಲ. ಐದು ನಿಮಿಷದಲ್ಲಿ ಏನು ಚೆನ್ನಾಗಿ ಕಂಡಿರಬಹುದು ಅಂತ ಈಗಲೂ ಗೊತ್ತಿಲ್ಲ. ಆಮೇಲೆ ಎಷ್ಟೋ ವರ್ಷ, ಯಾರಾದರೂ ಚೆನ್ನಾಗಿದೆ ಟೀಚರ್ ಅಂದರೆ ಮನಸ್ಸು "ಆದರೆ" ಎಲ್ಲಿ ಅಂತ ಕಾಯುತ್ತಿತ್ತು.

ಅಷ್ಟೆಲ್ಲ ಗೊತ್ತಿದ್ದೂ ನಾನೇ ಮಕ್ಕಳ ಪುಸ್ತಕಕ್ಕೆ ಅದನ್ನೇ ಮಾಡುತ್ತಿದ್ದೆ. ನಲವತ್ತು ಪ್ರಬಂಧ, ಕೆಂಪು ಪೆನ್ನು, "ಉತ್ತಮ, ಇನ್ನೂ ಪ್ರಯತ್ನಿಸು". ಒಂದು ಸಲ ಮಲ್ಪೆ ಕಡೆಯ ಹುಡುಗಿಯೊಬ್ಬಳು ಪುಸ್ತಕ ಹಿಡಿದುಕೊಂಡು ಮೇಜಿನ ಹತ್ತಿರ ಬಂದಳು. "ಟೀಚರ್, ಇದರಲ್ಲಿ ಯಾವುದು ಉತ್ತಮ?" ಅಂತ ಕೇಳಿದಳು. ಧಿಮಾಕಿನಿಂದ ಕೇಳಿದ್ದು ಅಲ್ಲವೇ ಅಲ್ಲ. ಅವಳಿಗೆ ನಿಜವಾಗಿ ಗೊತ್ತಾಗಬೇಕಿತ್ತು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮತ್ತೆ ಓದಿದೆ. ಪ್ರಬಂಧದ ಹೆಸರು "ಮಳೆಗಾಲ". ಮಳೆಗಾಲದಲ್ಲಿ ಸುಮಾರು ಎರಡು ತಿಂಗಳು ಬೋಟುಗಳು ಕಡಲಿಗೆ ಇಳಿಯುವುದಿಲ್ಲ, ನಿಮಗೆ ಗೊತ್ತಲ್ಲ, ಈಗ ಜೂನ್ 1ರಿಂದ ಜುಲೈ 31ರವರೆಗೆ. ಅವಳು ಬರೆದಿದ್ದಳು: "ಅಪ್ಪ ಮನೆಯಲ್ಲಿ ಇದ್ದರೆ ಮನೆ ಸಣ್ಣದಾಗುತ್ತದೆ." ಆ ಸಾಲಿನ ಕೆಳಗೆ ನಾನು ಗೆರೆ ಎಳೆದೆ. "ಇದು. ಇದು ನೀನೇ ನೋಡಿ ಬರೆದದ್ದು, ಇದನ್ನು ಓದಿ ನನಗೆ ನಿಮ್ಮ ಮನೆ ಕಂಡಿತು" ಅಂದೆ. ಮತ್ತೆ ಕೆಳಗೆ ತೋರಿಸಿದೆ. "ಇಲ್ಲಿಂದ ಮುಂದೆ ಗೈಡಿನಲ್ಲಿ ಇದ್ದದ್ದನ್ನು ಬರೆದಿದ್ದೀಯ. ಮಳೆಯಿಂದ ರೈತರಿಗೆ ಸಂತೋಷ ಅಂತ. ನಿಮ್ಮ ಮನೆಯಲ್ಲಿ ಮಳೆಗೆ ಯಾರಿಗೆ ಸಂತೋಷ?" ಹುಡುಗಿ ಅಳಲಿಲ್ಲ, ಮುಖ ಸಣ್ಣದು ಮಾಡಲೂ ಇಲ್ಲ. ಮಾರನೇ ದಿನ ಅರ್ಧ ಪ್ರಬಂಧ ಹೊಸದಾಗಿ ಬರೆದು ತಂದಳು. ನಾನು ಹೇಳಿರಲಿಲ್ಲ. ಅವಳೇ ತಂದದ್ದು.

ಅವತ್ತು ನನಗೆ ಒಂದು ವಿಷಯ ಗೊತ್ತಾಯಿತು. ನಾನು ಅವಳ ಪುಸ್ತಕ ನಿಜವಾಗಿ ಓದಿದ್ದೇನೆ ಅಂತ ಅವಳಿಗೆ ಗೊತ್ತಾದ ಮೇಲೆ, ತಪ್ಪು ತೋರಿಸಿದ್ದೂ ಅವಳಿಗೆ ನೋವಾಗಲಿಲ್ಲ. ಎರಡನ್ನೂ ಒಂದೇ ಕಣ್ಣಿನಿಂದ ನೋಡಿ ಹೇಳಿದ್ದು ಅಂತ ಅವಳಿಗೆ ಅರ್ಥವಾಗಿತ್ತು.

ಇನ್ನು ಬೆಂಗಳೂರಿನಲ್ಲಿರುವ ಅಣ್ಣನ ಮಗನಿಗೆ. ನೀನು ರಾತ್ರಿ ಬರೆದದ್ದು ಓದಿದೆ ಮಗ. ಕಂಪೆನಿಯಲ್ಲಿ ಸ್ಯಾಂಡ್‌ವಿಚ್ ಅಂತ ಕಲಿಸುತ್ತಾರೆ, ಮೇಲೊಂದು ಹೊಗಳಿಕೆ, ಕೆಳಗೊಂದು ಹೊಗಳಿಕೆ, ಮಧ್ಯೆ ತಪ್ಪು ಇಡಬೇಕು, ಒಂದು ತಪ್ಪಿಗೆ ಮೂರು ಒಳ್ಳೆ ಮಾತು ಅಂತ ಲೆಕ್ಕ ಉಂಟು ಅಂದೆಯಲ್ಲ. ಭಾವ ಗೊತ್ತಿಲ್ಲದೆಯೇ ಆ ಸ್ಯಾಂಡ್‌ವಿಚ್ಚನ್ನೇ ಮಾಡಿದ್ದರು ನೋಡು! ಫಲ ಏನಾಯಿತು ಅಂತ ನಾವೆಲ್ಲ ನೋಡಿದೆವು.

ಆ ಮೂರರ ಲೆಕ್ಕದ ಕಥೆ ನಾನು ನಿವೃತ್ತಿ ಆದ ಮೇಲೆ ಓದಿದ್ದೆ. 2005ರಲ್ಲಿ ಬಾರ್ಬರಾ ಫ್ರೆಡ್ರಿಕ್‌ಸನ್ ಮತ್ತು ಮಾರ್ಷಿಯಲ್ ಲೊಸಾಡಾ ಅಂತ ಇಬ್ಬರು ಒಂದು ಲೇಖನ ಬರೆದರು. ಮನಸ್ಸಿಗೆ ಬೇಸರದ್ದು ಒಂದಕ್ಕೆ ಹಿತವಾದದ್ದು 2.9013ರಷ್ಟಾದರೂ ಇದ್ದರೆ ಮನುಷ್ಯ ಅರಳುತ್ತಾನೆ, ಕಡಿಮೆ ಆದರೆ ಬಾಡುತ್ತಾನೆ ಅಂತ. ದಶಮಾಂಶದ ಮುಂದೆ ನಾಲ್ಕು ಅಂಕಿ! ಜಗತ್ತೇ ನಂಬಿತು. ಲಂಡನ್ನಿನಲ್ಲಿ ಐವತ್ತರ ಆಸುಪಾಸಿನಲ್ಲಿ ಮನಃಶಾಸ್ತ್ರ ಓದಲು ಸೇರಿದ್ದ ನಿಕ್ ಬ್ರೌನ್ ಅನ್ನುವವರಿಗೆ ಕ್ಲಾಸಿನಲ್ಲಿ ಇದನ್ನು ಕೇಳಿ ಅನುಮಾನ ಬಂತು. ಅಲನ್ ಸೋಕಲ್ ಮತ್ತು ಹ್ಯಾರಿಸ್ ಫ್ರೀಡ್ಮನ್ ಜೊತೆ ಸೇರಿ 2013ರಲ್ಲಿ ಆ ಗಣಿತಕ್ಕೆ ಬುಡವೇ ಇಲ್ಲ ಅಂತ ತೋರಿಸಿದರು. ಲೆಕ್ಕದ ಆ ಭಾಗವನ್ನು ವಾಪಸ್ ತೆಗೆದುಕೊಳ್ಳಬೇಕಾಯಿತು. ಒಳ್ಳೆಯ ಮಾತು ಜಾಸ್ತಿ ಇದ್ದರೆ ಒಳ್ಳೆಯದೇ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಎಣಿಸಿ ಹಾಕಿದ ಒಳ್ಳೆ ಮಾತು ಎದುರಿನವರಿಗೆ ಗೊತ್ತಾಗುತ್ತದೆ ಮಗ. ಮಕ್ಕಳಿಗಂತೂ ತಕ್ಷಣ ಗೊತ್ತಾಗುತ್ತದೆ.

ಇನ್ನೊಂದು ಪ್ರಯೋಗ ನನಗೆ ಬಹಳ ಹಿಡಿಸಿತು. ಅಮೆರಿಕದಲ್ಲಿ ಏಳನೇ ಕ್ಲಾಸಿನ ಮಕ್ಕಳ ಪ್ರಬಂಧ ತಿದ್ದಿ ಕೊಟ್ಟು, ಜೊತೆಗೆ ಒಂದು ಚೀಟಿ ಅಂಟಿಸಿದರು. ಅರ್ಧ ಮಕ್ಕಳಿಗೆ "ನಿನ್ನ ಪ್ರಬಂಧದ ಬಗ್ಗೆ ನನ್ನ ಅಭಿಪ್ರಾಯ ಬರೆದಿದ್ದೇನೆ" ಅನ್ನುವ ಹಾಗೆ. ಇನ್ನರ್ಧಕ್ಕೆ "ನಿನ್ನಿಂದ ನಾನು ತುಂಬಾ ನಿರೀಕ್ಷೆ ಮಾಡುತ್ತೇನೆ, ನೀನು ಅಲ್ಲಿಗೆ ಮುಟ್ಟುತ್ತೀ ಅಂತ ಗೊತ್ತು, ಅದಕ್ಕೇ ಇದನ್ನೆಲ್ಲ ಬರೆದೆ" ಅನ್ನುವ ಹಾಗೆ. ಬೇಕಿದ್ದರೆ ತಿದ್ದಿ ಬರೆದು ಕೊಡಿ ಅಂದಾಗ, ಟೀಚರ್ ಮೇಲೆ ಸುಲಭಕ್ಕೆ ನಂಬಿಕೆ ಬಾರದ ಕಪ್ಪು ಮಕ್ಕಳಲ್ಲಿ ಮೊದಲ ಚೀಟಿ ಸಿಕ್ಕವರು ನೂರಕ್ಕೆ 17ರಷ್ಟು ಮಾತ್ರ ಬರೆದರು. ಎರಡನೇ ಚೀಟಿ ಸಿಕ್ಕವರಲ್ಲಿ ಅದು 70 ದಾಟಿತು. ಸಣ್ಣ ಪ್ರಯೋಗವೇ, 2014ರಲ್ಲಿ ಪ್ರಕಟವಾದದ್ದು. ತಿದ್ದಿದ ತಪ್ಪುಗಳನ್ನು ಯಾರೂ ಕಡಿಮೆ ಮಾಡಿರಲಿಲ್ಲ, ಸಿಹಿ ಸವರಲೂ ಇಲ್ಲ. ಯಾಕೆ ಹೇಳುತ್ತಿದ್ದೇನೆ ಅಂತ ಹೇಳಿದರು, ಅಷ್ಟೇ. ಇದನ್ನು ಓದಿದಾಗ ನನಗೆ ಆ ಮಲ್ಪೆಯ ಹುಡುಗಿಯೇ ಕಣ್ಣ ಮುಂದೆ ಬಂದಳು.

ನಮ್ಮ ಅಮ್ಮನನ್ನು ನೆನಪು ಮಾಡಿಕೊಳ್ಳಿ. ಎದುರಿಗೆ ಹೊಗಳಿದರೆ ದೃಷ್ಟಿ ತಾಗುತ್ತದೆ ಅನ್ನುವ ಕಾಲದವರು. ಚೆನ್ನಾಗಿದೆ ಅನ್ನುವ ಶಬ್ದ ಅವರ ಬಾಯಲ್ಲಿ ಬಂದದ್ದು ನನಗೆ ನೆನಪಿಲ್ಲ. ಬಟ್ಟಲು ಮುಂದೆ ತಳ್ಳಿ "ಇನ್ನೊಂದು ಸೌಟು ಹಾಕು" ಅಂದರೆ ನಮಗೆ ಹಬ್ಬ. ತಪ್ಪು ಹೇಳುವಾಗಲೂ ಹಾಗೆಯೇ: "ಉಪ್ಪು ಒಂದು ಕಲ್ಲು ಮುಂದೆ ಹೋಗಿದೆ." "ಕೊದ್ದೆಲಿಗೆ ಬೆಳ್ಳುಳ್ಳಿ ಒಗ್ಗರಣೆ ಇನ್ನೂ ಕೆಂಪಾಗಬೇಕಿತ್ತು." ಒಂದು ಕಲ್ಲು ಉಪ್ಪು! ಅಷ್ಟು ಸರಿಯಾಗಿ ಹೇಳುವವರ ಮಾತು ಯಾರಿಗೆ ನೋಯುತ್ತದೆ? "ನಿನ್ನ ಕೈಗುಣವೇ ಸರಿ ಇಲ್ಲ" ಅಂತ ಮಾತ್ರ ಯಾವತ್ತೂ ಅನ್ನಲಿಲ್ಲ. ಉಪ್ಪನ್ನು ನಾಳೆ ಸರಿ ಮಾಡಬಹುದು, ಕೈಯನ್ನು ಎಂತ ಮಾಡುವುದು? ಆದರೂ ಅಮ್ಮನದು ಪೂರ್ತಿ ಸರಿ ಅಂತ ನಾನು ಹೇಳಲಾರೆ. ಒಮ್ಮೆಯಾದರೂ ಬಾಯಿ ಬಿಟ್ಟು ಹೇಳಿದ್ದರೆ ಅಂತ ನಾವು ಮೂವರು ಅಕ್ಕತಂಗಿಯರೂ ಆಸೆಪಟ್ಟವರೇ. ಅಕ್ಕನನ್ನು ಕೇಳಿ ಬೇಕಿದ್ದರೆ.

ಪುಟ್ಟಿ, ಈಗ ನಿನಗೆ. ನೀನು ನಿಜ ಕೇಳಿದೆ, ನಾನು ತಿಂದದ್ದನ್ನೇ ಹೇಳುತ್ತೇನೆ.

ಭಾನುವಾರ ನಿಮ್ಮ ಮನೆಯಲ್ಲಿ ಬಾಣಲೆಯಿಂದ ತೆಗೆದು ಕೊಟ್ಟ ಎರಡು ಬನ್ಸ್ ತಿಂದೆ. ಮುರಿದಾಗ ಬಿಸಿ ಹಬೆಯ ಜೊತೆ ಬಾಳೆಹಣ್ಣಿನ ಪರಿಮಳ ಬಂತು. ಒಳಗೆ ಜೇನುಗೂಡಿನ ಹಾಗೆ ತೂತು ತೂತು. ಹೊರಗಿನ ಪದರ ತೆಳ್ಳಗೆ, ಗರಿಗರಿ. ಜೀರಿಗೆ ಹಲ್ಲಿಗೆ ಒಂದೊಂದೇ ಸಿಗುತ್ತಿತ್ತು. ಸಕ್ಕರೆ ನೀನು ಕಡಿಮೆ ಹಾಕುತ್ತೀ, ಹಣ್ಣಿನ ಸಿಹಿಯನ್ನೇ ಮುಂದೆ ಬಿಡುತ್ತೀ. ಅದನ್ನು ದಯವಿಟ್ಟು ಬದಲಾಯಿಸಬೇಡ. ಪೇಟೆಯ ಬನ್ಸಿನಲ್ಲಿ ನನಗೆ ಅದು ಸಿಗುವುದಿಲ್ಲ. ಬೆರಳಿಗೆ ಎಣ್ಣೆ ಅಂಟಿದ್ದೂ ಕಡಿಮೆ.

ಬುಧವಾರ ನಾನು ದುಡ್ಡು ಕೊಟ್ಟು ತರಿಸಿದ ಡಬ್ಬಿ ಬೇರೆಯೇ ಇತ್ತು. ನಾಲ್ಕೂವರೆಗೆ ಬಂತು. ಮುಚ್ಚಳ ತೆಗೆದರೆ ಒಳಗಡೆ ನೀರಿನ ಹನಿ. ಬನ್ಸ್ ಒಂದಕ್ಕೊಂದು ಅಂಟಿ ಚಪ್ಪಟೆಯಾಗಿದ್ದವು. ಅಡಿಯ ಕಾಗದ ಎಣ್ಣೆಯಲ್ಲಿ ನೆನೆದು ಆಚೆ ಈಚೆ ಕಾಣುತ್ತಿತ್ತು. ಭಾವನಿಗೆ ಸಿಕ್ಕಿದ್ದೂ ಡಬ್ಬಿಯದ್ದೇ ಅಲ್ವಾ? ಮಣಿಪಾಲದವರು ತಿನ್ನುವುದೂ ಡಬ್ಬಿಯದ್ದೇ. ಭಾನುವಾರದ ಬನ್ಸನ್ನು ಅವರು ಯಾರೂ ತಿಂದೇ ಇಲ್ಲ ಮಾರಾಯ್ತಿ.

ಬಿಸಿ ಇರುವಾಗಲೇ ಮುಚ್ಚುತ್ತೀ ಅಂತ ನನ್ನ ಲೆಕ್ಕ. ಹಬೆ ಒಳಗೇ ತಿರುಗಿ ಪದರ ಮೆತ್ತಗಾಗುತ್ತದೆ, ಇದ್ದ ಎಣ್ಣೆಯೂ ಎದ್ದು ಕಾಣುತ್ತದೆ. ತಡ್ಪೆಯಲ್ಲೋ ತಂತಿಯ ಜಾಲರಿ ಮೇಲೋ ಒಂದರ ಮೇಲೊಂದು ಬೀಳದ ಹಾಗೆ ಹರಡಿ, ಪೂರ್ತಿ ತಣಿದ ಮೇಲೆ ತುಂಬಿಸು. ಡಬ್ಬಿಯಲ್ಲೂ ಗಾಳಿ ಆಡಲು ಸ್ವಲ್ಪ ಜಾಗ ಬಿಡು. ಇನ್ನೊಂದು ಸಣ್ಣ ಅನುಮಾನ. ಬುಧವಾರದ್ದಕ್ಕೆ ಕೊನೆಯಲ್ಲಿ ಸೋಡಾದ ರುಚಿ ಬಂತು, ಬಣ್ಣವೂ ಕಂದು ಜಾಸ್ತಿ. ಈ ಆಟಿಯ ಮಳೆ ಚಳಿಗೆ ಹಿಟ್ಟು ಹುದುಗು ಬರಲಿಲ್ಲ ಅಂತ ಸೋಡಾ ಹೆಚ್ಚು ಹಾಕಿದೆಯಾ? ಸೋಡಾ ಜಾಸ್ತಿ ಆದರೆ ಹಿಟ್ಟು ಎಣ್ಣೆ ಕುಡಿಯುತ್ತದೆ. ಅದರ ಬದಲು ಹಿಂದಿನ ದಿನ ಎರಡು ಗಂಟೆ ಮೊದಲೇ ಕಲಸಿ ಒಲೆಯ ಪಕ್ಕ ಬೆಚ್ಚಗೆ ಇಟ್ಟು ನೋಡು. ಸೋಡಾ ಹಾಕಿಯೇ ಇಲ್ಲ ಅಂತಾದರೆ ನನ್ನ ನಾಲಿಗೆಯೇ ತಪ್ಪಿರಬಹುದು, ಹೇಳು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಭಾನುವಾರ ನಾನು ತಿಂದ ಬನ್ಸ್ ಆ ಆಫೀಸಿನವರ ಬಾಯಿಗೂ ಹೋಗಬೇಕು. ಹೋದರೆ ಎರಡನೇ ಆರ್ಡರ್ ಬಂದೇ ಬರುತ್ತದೆ ಅಂತ ನನಗೆ ನಂಬಿಕೆ ಉಂಟು.

ಸೂಪರ್ ಅಂದವರಿಗೂ ಒಂದು ಮಾತು. ನಿಮ್ಮ ಪ್ರೀತಿ ನನಗೆ ಗೊತ್ತು. ದುಬೈಯಲ್ಲಿ, ಪುಣೆಯಲ್ಲಿ ಕೂತು ತಿನ್ನದೆ ಇದ್ದವರು "ಫೋಟೋ ನೋಡಿ ಬಾಯಲ್ಲಿ ನೀರು ಬಂತು, ಊರಿಗೆ ಬಂದಾಗ ಮಾಡಿಕೊಡು" ಅಂತ ಬರೆದರೆ ಅದು ನಿಜವೂ ಹೌದು, ಅವಳಿಗೆ ಖುಷಿಯೂ ಹೌದು. ತಿಂದವರು ತಿಂದದ್ದನ್ನು ಹೇಳಿ. ಗೋಳಿಬಜೆ ತಿಂದವರು ಯಾರಾದರೂ ಇದ್ದರೆ, ಚಟ್ನಿ ಹೇಗಿತ್ತು ಅಂತ ಇವತ್ತೇ ಅವಳಿಗೆ ಬರೆಯಿರಿ. ನಾನು ಅದನ್ನು ತಿಂದಿಲ್ಲ.

ಭಾವ, ನೀವು ಒಂದು ಫೋನ್ ಮಾಡಿ ಅವಳಿಗೆ. ಇಪ್ಪತ್ತಾರು ಜನರ ಮುಂದೆ ದೊಡ್ಡಪ್ಪ ಹೇಳುವ ಮಾತಿನ ತೂಕ ಜಾಸ್ತಿ. ಫೋನಿನಲ್ಲಿ ಅದೇ ಮಾತು ಹಗುರಾಗುತ್ತದೆ. ಡಬ್ಬಿ ನಿಮಗೆ ಎಷ್ಟು ಗಂಟೆಗೆ ಮುಟ್ಟಿತು, ತೆಗೆದಾಗ ಹೇಗಿತ್ತು ಅಂತಲೂ ಹೇಳಿ, ಅವಳಿಗೆ ಅದು ಬೇಕು.

ಪುಟ್ಟಿ, ಶುಕ್ರವಾರಕ್ಕೆ ನನಗೆ ಹನ್ನೆರಡು ಬನ್ಸ್. ತಣಿಸಿ ಕಳಿಸು. ಡಬ್ಬಿ ತೆಗೆದ ತಕ್ಷಣ ಮುಚ್ಚಳದ ಫೋಟೋ ಕಳಿಸುತ್ತೇನೆ, ತಿಂದು ಫೋನ್ ಮಾಡುತ್ತೇನೆ. ಡಿಲೀಟ್ ಮಾಡಿದ ಆ ಫೋಟೋ ಮತ್ತೆ ಹಾಕು ಮಗಳೇ.